ಬೆಂಕಿ ರೋಗ ಬಂದ ವಾರ

ಔಷಧದ ಪಂಪನ್ನು ಬೆನ್ನಿಗೇರಿಸಿಕೊಂಡು ಮೈದುನ ಇಟ್ಟಿಗಿ ಊರಿನ ನಮ್ಮ ಗದ್ದೆಗೆ ಇಳಿಯುವಾಗ ನಾನು ಬದುವಿನ ಮೇಲೆ ಅಡ್ಡ ನಿಂತೆ. ಭತ್ತದ ಎಲೆಗಳ ಮೇಲೆ ಬೆಂಕಿ ರೋಗದ ಬೂದು ಚುಕ್ಕೆಗಳು ಎದ್ದಿದ್ದವು. ಆ ಶಿಲೀಂಧ್ರವನ್ನು ತಡೆಯುವ ಮಣ್ಣಿನ ಬ್ಯಾಕ್ಟೀರಿಯಾದ ಪುಡಿಯನ್ನು ಹಿಂದಿನ ಸಂಜೆಯಷ್ಟೇ ನೀರಲ್ಲಿ ಕಲಸಿ ಸಿಂಪಡಿಸಿದ್ದೆ. ಅವನ ರಾಸಾಯನಿಕ ಔಷಧ ಬಿದ್ದರೆ ಆ ಬ್ಯಾಕ್ಟೀರಿಯಾವೂ ಸಾಯುತ್ತಿತ್ತು.

“ಬೆಳಿ ಸುಟ್ಟು ಹೋದ್ರ ಯಾರು ಹೊಣಿ ಅತ್ತಿಗಿ? ಸರೀರಿ” ಎಂದ.

ಕಳೆ ಕೀಳುತ್ತಿದ್ದ ಅತ್ತೆ ಎದ್ದು ಬಂದು ಪಂಪಿನ ಪಟ್ಟಿ ಹಿಡಿದರು. “ಹೆಪ್ಪು ಹಾಕಿದ ಹಾಲು ಅಲ್ಲಾಡಿಸಬಾರದಪ್ಪ. ಒಂದು ವಾರ ಬಿಡು.”

ತಾಯಿಯ ಮಾತಿಗೆ ಅವನು ಪಂಪು ಇಳಿಸಿದ. ಆ ವಾರವೆಲ್ಲ ಬೆಳಗಾದರೆ ಅವನು ಬಂದು ಎಲೆ ತಿರುವಿ ನೋಡಿ ಹೋಗುತ್ತಿದ್ದ. ನಾಲ್ಕನೆಯ ದಿನ ಮೂಲೆಯ ಮಡಿಯೊಂದು ಪೂರ್ತಿ ಒಣಗಿತು. ಏಳನೆಯ ದಿನ ಉಳಿದ ಮಡಿಗಳಲ್ಲಿ ಹೊಸ ಎಲೆಗಳು ಚುಕ್ಕೆಯಿಲ್ಲದೆ ಬಂದಿದ್ದವು. “ಆ ಪುಡಿ ಇನ್ನೂ ಐತೇನ್ರಿ?” ಎಂದು ಮೈದುನ ಮೆಲ್ಲಗೆ ಕೇಳಿದ.

ನಾನು ಅತ್ತೆಗೆ ಕೈ ಮುಗಿಯಲು ಹೋದೆ. “ಆ ಪುಡಿ ಮ್ಯಾಲ ನನಗೂ ನಂಬಿಕಿ ಇರಲಿಲ್ಲವ್ವ, ನಿನ್ನ ಮ್ಯಾಲ ಇತ್ತು” ಎಂದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವರು ನನಗೆ ಹೀಗೆ ಹೇಳಿದ್ದು ಅದೇ ಮೊದಲು.