ರೈಟರ್ ಶೇಷಪ್ಪನವರು ಎತ್ತಿಟ್ಟ ಅರ್ಧ

ಕಾಫಿ ತೋಟದ ಲೆಕ್ಕ, ಆಳುಕಾಳು ನೋಡಿಕೊಳ್ಳುತ್ತಿದ್ದ ರೈಟರ್ ಶೇಷಪ್ಪನವರ ಹಲ್ಲಿನ ಮಾತೆಂದರೆ ಇಡೀ ಎಸ್ಟೇಟಿಗೆ ಕೊನೆಯ ಮಾತು. ಹಣ್ಣಿನ ಸಿಪ್ಪೆ ಸುಲಿದು ತೊಳೆದು ಕಣದಲ್ಲಿ ಒಣಗಲು ಹಾಕಿದ ಪಾರ್ಚ್‌ಮೆಂಟ್ ಕಾಫಿಯ ಒಂದು ಬೀಜವನ್ನು ಕಟಕ್ಕನೆ ಕಚ್ಚಿ, "ಇನ್ನೊಂದು ಬಿಸ್ಲು ಬೇಕು" ಎಂದರೆ ಮುಗಿಯಿತು. ತೇವ ಅಳೆಯುವ ಮೆಷಿನ್ ಬೇರೆ ಹೇಳಿದರೆ ಮೆಷಿನ್ನನ್ನೇ ರಿಪೇರಿಗೆ ಕಳಿಸುತ್ತಿದ್ದರು. ಸೋಲೊಪ್ಪುವ ಆಸಾಮಿಯಲ್ಲ.

ಜಾವಳಿ ಊರಿನ ಆ ತೋಟದಲ್ಲಿ ಸೀತಾಳೆ ದಂಡೆ ಉಳಿದಿದ್ದು ಒಂದೇ ಒಂದು ಹಳೆಯ ಅತ್ತಿಮರದ ಮೇಲೆ. ಜಡೆಯಂತೆ ಇಳಿಬಿದ್ದು ಅರಳುವ ಆರ್ಕಿಡ್ ಅದು. ಒಮ್ಮೆ ಮರಗಸಿಯ ಕಾಲದಲ್ಲಿ, ನೆರಳಿನ ಕೊಂಬೆ ಸವರಲು ಹತ್ತಿದ ಆಳು ಅದನ್ನೂ ಬಂದಳಿಕೆಯೆಂದುಕೊಂಡು ಕಿತ್ತೆಸೆಯತೊಡಗಿದ. ಶೇಷಪ್ಪನವರು ಮರದ ಬುಡಕ್ಕೇ ಹೋಗಿ ನಿಂತರು.

"ಇಳಿಯೋ ಮಾರಾಯ! ಬಂದಳಿಕೆ ಮರದ ರಸ ಕುಡೀತದೆ. ಇದು ಸುಮ್ನೆ ಕೂತದೆ ಅಷ್ಟೆ. ಕೂತಿದ್ದಕ್ಕೂ ಕತ್ತಿಯಾ?"

ಕೆಲಸ ನಿಂತಿದ್ದು ಕಂಡು ತೋಟದ ಧಣಿಗಳಿಗೆ ರೇಗಿತು. "ಬರೋ ವರ್ಷ ಆ ಮರಾನೇ ಇರಲ್ಲ ರೈಟ್ರೇ. ಸಿಲ್ವರ್ ಓಕ್ ಹಾಕಿಸ್ತೀನಿ."

"ಮರ ನಿಮ್ದು, ಕಡೀರಿ. ಸೀತಾಳೆ ಬೀಜ ಮಾತ್ರ ನಾನು ಬಿಡಲ್ಲ."

ಬಿಡಲಿಲ್ಲ, ನಿಜ. ಆದರೆ ಮಾಡಿದ್ದೇನು? ಸೀತಾಳೆಯ ಕಾಯಿಗಳನ್ನು ಕಾಫಿಯ ಹಾಗೆ ಕಣದ ಬಿಸಿಲಿಗೆ ಹರವಿದರು! ಮಧ್ಯಾಹ್ನದ ಹೊತ್ತಿಗೆ ಕಾಯಿ ಬಿರಿದು, ಧೂಳಿಗಿಂತ ಸಣ್ಣ ಬೀಜವೆಲ್ಲ ಗಾಳಿಗೆ ಹಾರಿಹೋಯಿತು. ಖಾಲಿ ಸಿಪ್ಪೆ ಹಿಡಿದುಕೊಂಡು ಮೂಡಿಗೆರೆಯ ನಮ್ಮ ಕಾಲೇಜಿಗೆ ಬಂದರು. ಸಸ್ಯಶಾಸ್ತ್ರ ಹೇಳಿಕೊಡುವ ನಾನು ನಕ್ಕುಬಿಟ್ಟೆ.

"ನಗಿ ಮೇಡಂ, ನಗಿ. ಕಚ್ಚಿ ನೋಡೋಣ ಅಂದ್ರೆ ಹಲ್ಲಿಗೂ ಸಿಗಲ್ಲ ಅದು. ಮರದಲ್ಲಿ ಇನ್ನೊಂದೇ ಕಾಯಿ ಅದೆ. ಹೆಂಗೆ ಒಣಗಿಸೋದು, ಹೇಳಿ."

ಬಿರಿಯುವ ಮುನ್ನ ಕೀಳಬೇಕು, ಕಾಗದದಲ್ಲಿ ಸುತ್ತಿ ನೆರಳಲ್ಲಿ ಆರಿಸಬೇಕು, ತೇವ ಹೀರುವ ಸಿಲಿಕಾ ಹರಳಿನ ಜೊತೆ ಬಿಗಿ ಮುಚ್ಚಳದ ಬಾಟಲಿಯಲ್ಲಿಡಬೇಕು ಎಂದೆ. ಹದಿನೈದು ದಿನ ಮರದ ಕೆಳಗೆ ಸ್ಟೂಲ್ ಹಾಕಿಕೊಂಡು ಆ ಒಂದು ಕಾಯಿ ಕಾದರು. ಮರ ಉರುಳಿದ ದಿನ ಬಾಟಲಿ ತಂದು, ನಮ್ಮ ಲ್ಯಾಬಿನ ಫ್ರಿಜ್ಜಿನಲ್ಲಿ ತಾವೇ ಇಟ್ಟರು. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ತಗ್ಗಿರಲಿಲ್ಲ.

"ಎಲ್ಲಾ ಬಿತ್ತಬೇಡಿ. ಅರ್ಧ ಇರ್ಲಿ. ಇವ್ರಿಗೆ ಬುದ್ಧಿ ಬರೋವರೆಗೂ ಕಾಯ್ಬೇಕಲ್ಲ."

ಅದೇ ಕೊನೆಯ ಭೇಟಿ. ಆ ಮಳೆಗಾಲದಲ್ಲಿ ತೀರಿಕೊಂಡರು.

ಅರ್ಧ ಬೀಜವನ್ನು ಫ್ರಿಜ್ಜಿನಲ್ಲೇ ಬಿಟ್ಟು, ಉಳಿದರ್ಧವನ್ನು ಲ್ಯಾಬಿನ ಗಾಜಿನ ಬಾಟಲಿಗಳಲ್ಲಿ ಬಿತ್ತಿದೆ. ತಿಂಗಳುಗಟ್ಟಲೆ ಏನೂ ಇಲ್ಲ. ಆಮೇಲೆ ಹಸಿರು ಚುಕ್ಕೆ, ಅದರಿಂದ ಎಳೆ ಎಲೆ. ನೋಡಲು ಅವರಿಲ್ಲವಲ್ಲ ಎಂದು ಅತ್ತುಬಿಟ್ಟೆ.

ಮೊನ್ನೆ, ನಮ್ಮಲ್ಲಿ ಗಿಡ ಎದ್ದ ಸುದ್ದಿ ಕೇಳಿ, ಧಣಿಗಳು ಫೋನ್ ಮಾಡಿದ್ದರು. "ಮೇಡಂ, ಹೋಂಸ್ಟೇ ಮುಂದೆ ಕಟ್ಟೋಕೆ ಸೀತಾಳೆ ಗಿಡ ಎರಡು ಕೊಡ್ತೀರಾ? ಗೆಸ್ಟುಗಳು ಕೇಳ್ತಾರೆ."

"ಮೊದ್ಲು ಅತ್ತಿ ಗಿಡ ನೆಡಿ. ಅದು ಮರ ಆದ್ಮೇಲೆ ಬನ್ನಿ" ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು.

"ಅಷ್ಟು ವರ್ಷ ಯಾರು ಕಾಯ್ತಾರೆ ಮೇಡಂ?"

"ನಾವು ಕಾಯ್ತೀವಿ. ರೈಟ್ರು ಅರ್ಧ ಬೀಜ ಎತ್ತಿಟ್ಟೇ ಹೋಗಿದಾರೆ."