ದ್ವಾರಕೆ ಕಟ್ಟಿದವನ ಪಾರ್ಟು

ನಮ್ಮ ಓಣಿಯಲ್ಲಿ ಕೊನೆಯ ಸಲ ಗಣಪತಿ ಕೂಡಿಸಿದ ವರ್ಷ ನಾನು ಸಮುದ್ರದ ಪಾರ್ಟು ಮಾಡಿದ್ದೆ.

ಆ ಬೇಸಿಗೆಯಲ್ಲೇ ಹಳೇ ಹುಬ್ಬಳ್ಳಿಯ ನಮ್ಮ ಗೋಡೆಗಳ ಮೇಲೆ ಕೆಂಪು ಗೆರೆ ಬಿದ್ದಿತ್ತು. ರಸ್ತೆ ಅಗಲ ಮಾಡುವವರು ಟೇಪು ಹಿಡಿದು ಬಂದು ಅಳೆದು, ಗೆರೆಯಿಂದ ಈಚೆಗಿನದು ಹೋಗುತ್ತದೆ ಎಂದು ಹೇಳಿ ಹೋಗಿದ್ದರು. ಓಣಿಯೇ ಸಣ್ಣದು, ಗೆರೆಯಿಂದ ಆಚೆ ಉಳಿಯುವುದಾದರೂ ಏನು? ಒಂದೆರಡು ಮನೆಗಳ ಹಿತ್ತಲು, ಯಾರದೋ ಒಂದು ಬಚ್ಚಲು, ಅಷ್ಟೆ. ಮೊದಮೊದಲು ಜನ ಕೂಗಾಡಿದರು, ಕಚೇರಿಗೆ ಅಲೆದರು. ಮಳೆಗಾಲದ ಹೊತ್ತಿಗೆ ಸುಮ್ಮನಾದರು. ಗಬ್ಬೂರಿನ ಕಡೆ, ನವನಗರದ ಕಡೆ ಮನೆ ನೋಡಿ ಬರತೊಡಗಿದರು. ನೋಡಿ ಬಂದವರು ಅಲ್ಲಿ ಗಾಳಿ ಬೆಳಕು ಛಲೋ ಇದೆ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು.

ಈ ಸಲ ಗಣಪತಿ ಬೇಕೋ ಬೇಡವೋ ಎಂಬ ಮಾತು ಬಂತು. ಮೂಲೆಮನೆಯ ಸೊಸೆ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದಳು, ನನ್ನ ಗೆಳತಿ. ಅವಳು, "ಕೂಡಸೂಣು. ಮತ್ತ ನಾಟಕಾನೂ ಆಡೂಣು," ಎಂದಳು. ನಾಟಕವನ್ನು ಅವಳೇ ಬರೆದಳು. ದ್ವಾರಕೆ ಮುಳುಗಿ ಹೋದ ಮೇಲೆ, ಅದನ್ನು ಕಟ್ಟಿದ ವಿಶ್ವಕರ್ಮ ದಡಕ್ಕೆ ಬರುತ್ತಾನೆ. ಅವನು ದೇವಶಿಲ್ಪಿ, ಸಾವಿಲ್ಲದವನು. ನನ್ನ ಊರನ್ನು ಒಮ್ಮೆ ತೋರಿಸು ಎಂದು ಸಮುದ್ರವನ್ನು ಬೇಡುತ್ತಾನೆ. ಸಮುದ್ರ ಒಂದು ಗಳಿಗೆ ಹಿಂದೆ ಸರಿಯುತ್ತದೆ. ಅವನು ಊರನ್ನು ನೋಡಿ ಅಳುತ್ತಾನೆ. ಸಮುದ್ರ ಮತ್ತೆ ಬಂದು ಮುಚ್ಚಿಬಿಡುತ್ತದೆ. ಇಷ್ಟೇ ಕಥೆ.

ವಿಶ್ವಕರ್ಮನ ಪಾರ್ಟು ಯಾರಿಗೆ ಎಂದು ಕೇಳುವ ಪ್ರಸಂಗವೇ ಬರಲಿಲ್ಲ. ಓಣಿಯ ಕಟ್ಟಕಡೆಯ ಮನೆಯಲ್ಲಿ ಡ್ರಾಯಿಂಗ್ ಮಾಸ್ತರರಿದ್ದರು. ಸರಕಾರಿ ಹೈಸ್ಕೂಲಿನಲ್ಲಿ ಚಿತ್ರ ಕಲಿಸಿ ನಿವೃತ್ತರಾದವರು. ಹಿಟ್ಟಿನ ಗಿರಣಿಯ ಬೋರ್ಡು, ಕಟಿಂಗ್ ಅಂಗಡಿಯ ಬೋರ್ಡು, ನಮ್ಮ ಅಪ್ಪನ ಶೇಂಗಾ ಮತ್ತು ಕಾಳಿನ ಅಂಗಡಿಯ ಬೋರ್ಡು, ಎಲ್ಲವೂ ಅವರ ಕೈಯವು. ಯಾರ ಮನೆಯಲ್ಲಿ ಮದುವೆಯಾದರೂ ಬಾಗಿಲ ಎರಡೂ ಬದಿಗೆ ಆನೆ ಬರೆದು ಹುಡುಗ ಹುಡುಗಿಯ ಹೆಸರು ಬರೆಯುವವರು ಅವರೇ. ಅವರ ಮನೆಯ ಪಡಸಾಲೆಯಲ್ಲಿ ಅವರೇ ಬರೆದ ದೊಡ್ಡ ಬುದ್ಧನ ಚಿತ್ರವಿತ್ತು. ಬುದ್ಧಪೂರ್ಣಿಮೆಗೆ ಅವರ ಹೆಂಡತಿ, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದವರು, ಗೋದಿ ಪಾಯಸ ಮಾಡಿ ಓಣಿಗೆಲ್ಲ ಹಂಚುತ್ತಿದ್ದರು. ಮಾಸ್ತರರ ಜುಬ್ಬದ ಕಿಸೆಯಲ್ಲಿ ಸೀಮೆಸುಣ್ಣದ ತುಂಡು ಸದಾ ಇರುತ್ತಿತ್ತು. ನಿವೃತ್ತಿಯಾದ ಮೇಲೂ ಅದು ಹೋಗಿರಲಿಲ್ಲ. ಒಗೆಯುವಾಗ ಬಟ್ಟೆಗೆಲ್ಲ ಬಿಳಿ ಹತ್ತುತ್ತದೆ ಎಂದು ಕಾಕು ಬೈಯುತ್ತಿದ್ದರು.

ಅಪ್ಪ ಮಾತ್ರ ಒಂದು ಮಾತು ಕೇಳಿದರು. "ಮಾಸ್ತರ, ನೀವು ದೇವರನ್ನ ಒಪ್ಪಾವ್ರಲ್ಲ. ದೇವರ ಪಾರ್ಟ ಹ್ಯಾಂಗ ಮಾಡತೀರಿ?"

"ಸಾವಕಾರ್ರ, ನನಗ ಅಂವ ದೇವರಂತ ಕಾಣಸವಲ್ಲ. ಮೇಸ್ತ್ರಿ ಅದಾನ. ಮೇಸ್ತ್ರಿ ಅಂದ್ರ ನನಗ ತಿಳೀತೈತಿ," ಎಂದರು ಮಾಸ್ತರರು. ಅಪ್ಪ ನಕ್ಕು ಚಹಾ ತರಿಸಿದರು.

ತಾಲೀಮು ನಡೆಯುತ್ತಿದ್ದದ್ದು ಅಪ್ಪನ ಗೋದಾಮಿನಲ್ಲಿ. ಬೇರೆ ವರ್ಷವಾಗಿದ್ದರೆ ಸುಳ್ಳ ಎಂಬ ಊರಿನ ಕಡೆಯಿಂದ ಬರುವ ಹೆಸರುಕಾಳಿನ ಚೀಲಗಳು ಆ ಹೊತ್ತಿಗೆ ಮಾಳಿಗೆ ಮುಟ್ಟುವಷ್ಟು ಬಿದ್ದಿರುತ್ತಿದ್ದವು. ಆ ವರ್ಷ ಅಪ್ಪ ಮಾಲು ಇಳಿಸಿಕೊಂಡಿರಲಿಲ್ಲ. ಬರಿದಾದ ಗೋದಾಮು ಅಷ್ಟು ದೊಡ್ಡದು ಎಂದು ನನಗೆ ಗೊತ್ತೇ ಇರಲಿಲ್ಲ. ಮಾತಾಡಿದರೆ ದನಿ ತಿರುಗಿ ಬರುತ್ತಿತ್ತು. ಆದರೂ ಮೂಲೆಯಲ್ಲಿ ನಿಂತರೆ ಗೋಣಿತಟ್ಟಿನ ವಾಸನೆ, ಶೇಂಗಾದ ಸಿಪ್ಪೆಯ ವಾಸನೆ ಹಾಗೇ ಇತ್ತು. ನಾನು ಸಣ್ಣವಳಿದ್ದಾಗ ಚೀಲಗಳ ಸಂದಿಯಲ್ಲಿ ಅಡಗಿ ಕೂತು, ಯಾರೂ ಹುಡುಕಲು ಬರದೆ, ಅಲ್ಲೇ ನಿದ್ದೆ ಹೋಗುತ್ತಿದ್ದ ಜಾಗ ಅದು. ಈಗ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅಕ್ಕೋರಾಗಿ, ಅದೇ ಜಾಗದಲ್ಲಿ ನಿಂತು "ನಾನು ಸಮುದ್ರ" ಎಂದು ಗಂಟಲು ದೊಡ್ಡದು ಮಾಡಿ ಹೇಳುತ್ತಿದ್ದೆ.

ಮಾಸ್ತರರಿಗೆ ಮಾತುಗಳು ಲಗೂನೆ ಬಾಯಿಪಾಠವಾದವು. ಆದರೆ ಅಳು ಬರಲಿಲ್ಲ. ಬಂಗಾರದ ಅರಮನೆ, ಹವಳದ ಕಂಬ, ಮುತ್ತಿನ ತೋರಣ ಎಂದು ಉದ್ದಕ್ಕೆ ಹೇಳಿ ಮುಗಿಸಿ ಅವರು ಸುಮ್ಮನೆ ನಿಂತುಬಿಡುತ್ತಿದ್ದರು.

"ಇಲ್ಲಿ ಅಳಬೇಕ್ರಿ ಸರ್," ಎನ್ನುತ್ತಿದ್ದಳು ಗೆಳತಿ. "ನಿಮಗ ಸಾವಿಲ್ಲ. ಊರು ಹೋತು, ಊರಾನ ಮಂದಿ ಹೋದ್ರು, ನೀವೊಬ್ರ ಉಳದೀರಿ. ನೆನಸ್ಕೋತ ಉಳದೀರಿ."

"ಅದ ನೋಡ್ರಿ ಮೇಡಂ, ಏನ ನೆನಸ್ಲಿ ಅಂತ ತಿಳೀವಲ್ದು. ದ್ವಾರಕಾದಾಗ ಬಾವಿ ಎಲ್ಲಿತ್ರಿ?"

"ಬಾವಿ?"

"ಹೌದ್ರಿ. ಹೂವು ಮಾರಾಕಿ ಎಲ್ಲಿ ಕುಂಡರತಿದ್ಲು? ಹುಡುಗ್ರು ಎಲ್ಲಿ ಆಡತಿದ್ವು?"

"ಅದನ್ನೆಲ್ಲ ಪುರಾಣದಾಗ ಯಾರ ಬರದಿಟ್ಟಾರ್ರಿ ಸರ್?"

"ಮತ್ತ ನಾ ಯಾತಕ್ಕ ಅಳ್ಲಿ? ಬಂಗಾರದ ಅರಮನಿಗೇನು? ಅರಮನಿ ಹೋದ್ರ ಯಾರಿಗೆ ಅಳು ಬರತೈತ್ರಿ?"

ಗೆಳತಿಗೆ ಸಿಟ್ಟು ಬಂತು, ನಗುವೂ ಬಂತು. ಅವಳಿಗೆ ಇನ್ನೊಂದು ಚಿಂತೆಯಿತ್ತು. ರಂಗದ ಹಿಂದೆ ಕಟ್ಟುವ ಪರದೆಯನ್ನೂ ಮಾಸ್ತರರೇ ಬರೆಯಬೇಕಿತ್ತು. ಅವರು ಬಟ್ಟೆಗೆಲ್ಲ ದಟ್ಟ ನೀಲಿ ಬಳಿದು ಬಿಟ್ಟಿದ್ದರು, ಊರನ್ನು ಬರೆದಿರಲಿಲ್ಲ. ಕೇಳಿದರೆ, "ಇನ್ನೂ ಹೊಳೀವಲ್ದ್ರಿ," ಎನ್ನುತ್ತಿದ್ದರು. ಕಾಕು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಮನ್ಯಾಗೂ ಹಂಗ ಮಾಡಾಕತ್ತಾರವಾ. ಸಾಮಾನ ಕಟ್ಟೂಣು ಅಂದ್ರ ಗ್ವಾಡಿ ನೋಡ್ಕೋತ ಕುಂಡರತಾರ."

ನಾಟಕದ ದಿನವೂ ಪರದೆ ನೀಲಿಯಾಗಿಯೇ ಇತ್ತು.

ಸಂಜೆ ಆರತಿ ಮುಗಿಯುತ್ತಿದ್ದಂತೆ ಜನ ಚಾಪೆ ಹಾಸಿಕೊಂಡು ಕುಳಿತರು. ಆಗಲೇ ಮನೆ ಬಿಟ್ಟು ಹೋಗಿದ್ದವರೂ ಮಿರ್ಚಿ-ಮಂಡಕ್ಕಿಯ ಪೊಟ್ಟಣ ಹಿಡಿದು ಬಂದಿದ್ದರು. ಮುಂದಿನ ಸಾಲಿನಲ್ಲಿ ರೊಟ್ಟಿ ಮಾಡಿ ಮಾರುತ್ತಿದ್ದ ಅಜ್ಜಿ ಕಾಲು ಚಾಚಿ ಕುಳಿತಿದ್ದಳು. ಹಲಗೆಯ ರಂಗದ ಒಂದು ಬದಿಗೆ ನಾನು ನೀಲಿ ಸೀರೆ ಉಟ್ಟು, ಕೈಯಲ್ಲಿ ಹಗ್ಗಕ್ಕೆ ಪೋಣಿಸಿದ ಉದ್ದನೆಯ ನೀಲಿ ಬಟ್ಟೆಯ ತುದಿ ಹಿಡಿದು ನಿಂತಿದ್ದೆ. ಕೊನೆಗೆ ಅದನ್ನು ರಂಗದ ಉದ್ದಕ್ಕೂ ಎಳೆದು ಊರನ್ನು ಮುಚ್ಚುವುದು ನನ್ನ ಕೆಲಸ.

ಮಾಸ್ತರರು ಗರಗದ ಖಾದಿ ಧೋತರ ಉಟ್ಟು, ತಮ್ಮದೇ ಜುಬ್ಬ ತೊಟ್ಟು ಬಂದರು. ಕಿರೀಟ ಬೇಡವೆಂದು ಮೊದಲೇ ಹೇಳಿದ್ದರು. "ಒಂದು ಗಳಿಗೆ ಮಾತ್ರ, ಶಿಲ್ಪಿ. ನೋಡಿಕೋ," ಎಂದು ನಾನು ಹಿಂದೆ ಸರಿದೆ. ಅವರು ಪರದೆಯ ಕಡೆ ತಿರುಗಿದರು. ಬಂಗಾರದ ಅರಮನೆಯ ಮಾತು ಬರಬೇಕಿತ್ತು, ಬರಲಿಲ್ಲ. ಪರದೆಯ ಸಂದಿಯಿಂದ ಗೆಳತಿ ಮಾತು ಎತ್ತಿಕೊಟ್ಟಳು. ಎರಡು ಸಲ ಕೊಟ್ಟಳು. ಜನರಲ್ಲಿ ಯಾರೋ ಕೆಮ್ಮಿದರು.

ಮಾಸ್ತರರು ಜುಬ್ಬದ ಕಿಸೆಗೆ ಕೈ ಹಾಕಿ ಸೀಮೆಸುಣ್ಣ ತೆಗೆದರು. ನೀಲಿ ಪರದೆಯ ಮೇಲೆ ಒಂದು ಬಿಳಿ ಗುಂಡು ಬರೆದರು.

"ಇಲ್ಲಿ ಬಾವಿ ಇತ್ತು," ಎಂದರು. ನಾಟಕದ ಕನ್ನಡದಲ್ಲೇ ಹೇಳಿದರು. "ಬಾವಿಯ ಪಕ್ಕದಲ್ಲಿ ಬೇವಿನ ಮರವಿತ್ತು. ಅದರ ಕೆಳಗೆ ಹೂವು ಮಾರುವವಳು ಕುಳಿತಿರುತ್ತಿದ್ದಳು." ಮರ ಬಂತು, ಬುಟ್ಟಿ ಬಂತು. ಆಮೇಲೆ ಒಂದು ಕಟ್ಟೆ, ಕಟ್ಟೆಯ ಮೇಲೆ ಮಲಗಿದ ನಾಯಿ. ಎರಡು ಗೆರೆ ಎಳೆದರು, ಅದು ಗಿರಣಿಯ ಬಾಗಿಲಾಯಿತು. ಜನ ತಿನ್ನುವುದನ್ನು ನಿಲ್ಲಿಸಿದ್ದು ನನಗೆ ನಿಂತಲ್ಲಿಂದಲೇ ಕಂಡಿತು.

ರೊಟ್ಟಿ ಅಜ್ಜಿ ಕೂತಲ್ಲಿಂದಲೇ ಕೂಗಿದಳು: "ಮಾಸ್ತರ! ಬಾವಿ ಆ ಕಡೆ ಆತಲ್ಲ. ನಮ್ಮ ಬಾಗಿಲದಿಂದ ನೀರ ಸೇದೂದು ಕಾಣತಿತ್ತು."

ಮಾಸ್ತರರು ತಿರುಗಿ ನೋಡಿದರು. "ಖರೇ ಐತಿ ಯವ್ವಾ," ಎಂದು ಅಂಗೈಯಿಂದ ಒರೆಸಿ, ಬಾವಿಯನ್ನು ಎಡಕ್ಕೆ ಬರೆದರು. ಅಜ್ಜಿಯ ಬಾಗಿಲನ್ನೂ ಬರೆದರು. ಒಲೆಯ ಹೊಗೆಯನ್ನೂ ಬರೆದರು.

ಆಮೇಲೆ ಯಾರನ್ನೂ ಹಿಡಿಯಲು ಆಗಲಿಲ್ಲ. ನಮ್ಮ ಮಾಳಿಗೆಯ ಮೆಟ್ಟಿಲು ಬಿಟ್ಟೀರಿ ಎಂದು ಒಬ್ಬರು. ತುಳಸಿಕಟ್ಟೆ ಎಂದು ಒಬ್ಬರು. ಗುಂಡಿ ಬಿದ್ದ ಗಟಾರದ ಕಲ್ಲು ಬರೀರಿ, ಅದರಾಗ ಎಷ್ಟ ಮಂದಿ ಬಿದ್ದಾರ ಎಂದು ಹಿಂದಿನಿಂದ ಒಂದು ಗಂಡುದನಿ. ಜನ ನಕ್ಕರು. ಮಾಸ್ತರರೂ ನಕ್ಕರು, ಕಲ್ಲನ್ನು ಬರೆದರು. ಕಡೆಗೆ ಅಪ್ಪ ಎದ್ದು ನಿಂತರು. ಸಭೆಯಲ್ಲಿ ಮಾತಾಡಿದವರಲ್ಲ ಅವರು. "ಮಾಸ್ತರ, ನೀವು ಬರದ ಬೋರ್ಡು ಉಳೀತು," ಎಂದರು. ಮಾಸ್ತರರು ನಮ್ಮ ಅಂಗಡಿಯ ಮೇಲೆ ಬೋರ್ಡು ಬರೆದು, ಅದರೊಳಗೆ ಅಪ್ಪನ ಹೆಸರನ್ನು ಮೊದಲು ಬರೆದಂತೆಯೇ ಬಳ್ಳಿ ಸುತ್ತಿಸಿ ಬರೆದರು. ಅಪ್ಪ ಮತ್ತೆ ಕುಳಿತುಕೊಳ್ಳಲಿಲ್ಲ. ನಿಂತೇ ಇದ್ದರು.

ಪರದೆ ತುಂಬಿತು. ಗೆಳತಿ ಸಂದಿಯಿಂದ ನನಗೆ ಕೈಸನ್ನೆ ಮಾಡಿದಳು: ಮುಚ್ಚು. ನನ್ನ ಕೈ ಏಳಲಿಲ್ಲ. ನನಗೆ ಮಾತೂ ಮರೆತಿತ್ತು. ಮೆಲ್ಲಗೆ ಕೇಳಿದೆ, "ಎಳೀಲೇನ್ರಿ ಮಾಸ್ತರ?"

ಅವರು ಊರಿನ ಕಡೆ ನೋಡುತ್ತಲೇ ಹೇಳಿದರು. "ಎಳಿ ಮಗಳ. ನಿನ್ನ ಕೆಲಸ ನೀ ಮಾಡು."

ಎಳೆದೆ. ಬಟ್ಟೆ ರಂಗದ ಉದ್ದಕ್ಕೂ ಹರಡಿತು. ಊರೂ ಮರೆಯಾಯಿತು, ಅವರೂ ಮರೆಯಾದರು. ಬಟ್ಟೆಯ ಈಚೆ ಜನ ಚಪ್ಪಾಳೆ ತಟ್ಟಲಿಲ್ಲ. ಆಚೆ, ಬದಿಗೆ ನಿಂತ ನನಗೆ ಕಾಣುವಂತೆ, ಮಾಸ್ತರರು ಹಲಗೆಯ ಮೇಲೆ ಕುಳಿತು ಸುಣ್ಣದ ಕೈಯಲ್ಲೇ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಗೆಳತಿ ಹೋಗಿ ಅವರ ಪಕ್ಕದಲ್ಲಿ ಕುಳಿತಳು. ಕಾಕು ರಂಗದ ಮೇಲೆ ಬಂದು ಸೆರಗಿನಿಂದ ಅವರ ಮುಖ ಒರೆಸಿ, "ಏಳ್ರಿ, ಮಂದಿ ಅದಾರ," ಎಂದರು.

ಮರುದಿನ ಪರದೆ ಬಿಚ್ಚಿ ಮಡಚುವಾಗಲೇ ಸುಣ್ಣವೆಲ್ಲ ಉದುರಿತು. ಫೋಟೋ ಹೊಡೆದವರು ಇದ್ದರು. ಆದರೆ ಫೋಟೋದಲ್ಲಿ ಬೆಳಕು ಸಾಲದೆ ಬರೀ ಮಾಸ್ತರರ ಬೆನ್ನು ಬಂದಿತ್ತು. ದೀಪಾವಳಿ ಮುಗಿದ ಮೇಲೆ ಜೆಸಿಬಿ ಬಂತು. ನಾನು ಅಂದು ಶಾಲೆಗೆ ರಜೆ ಹಾಕಲಿಲ್ಲ. ಸಂಜೆ ಬರುವಷ್ಟರಲ್ಲಿ ಗೋದಾಮಿನ ಜಾಗದಲ್ಲಿ ಆಕಾಶವಿತ್ತು. ಅಪ್ಪ ಬೋರ್ಡನ್ನು ಮೊದಲೇ ಇಳಿಸಿ ಗಬ್ಬೂರಿನ ಹೊಸ ಮನೆಗೆ ಸಾಗಿಸಿದ್ದರು. ಅಲ್ಲಿ ಅಂಗಡಿ ಇಲ್ಲ. ಆದರೂ ಅದನ್ನು ಪಡಸಾಲೆಯಲ್ಲಿ ನಿಲ್ಲಿಸಿ, ದಿನಾ ಬಟ್ಟೆಯಿಂದ ಒರೆಸುತ್ತಿದ್ದರು. ಬಾವಿಯ ಬಳಿಯ ಬೇವನ್ನು ಕಡಿಯಬೇಕಾಗಿದ್ದ ಕೆಲಸಗಾರರೇ ಅದರ ನೆರಳಿಗೆ ಕುಳಿತು ಒಂದು ದಿನ ತಡಮಾಡಿದರಂತೆ. ಇದನ್ನು ನನಗೆ ರೊಟ್ಟಿ ಅಜ್ಜಿ ಹೇಳಿದ್ದು. ಖರೆಯೋ ಅವಳ ಆಸೆಯೋ ತಿಳಿಯದು.

ಮಾಸ್ತರರೂ ಕಾಕುವೂ ಧಾರವಾಡದ ಕೆಲಗೇರಿ ಕಡೆಯ ಒಂದು ಹೊಸ ಬಡಾವಣೆಗೆ ಹೋದರು. ಕಳೆದ ವರ್ಷ ನೋಡಲು ಹೋಗಿದ್ದೆ. ಕಾಕು ಮಂಡಕ್ಕಿಯ ಸೂಸಲಾ ಮಾಡಿ ಕೊಟ್ಟು, ಚಹಾಕ್ಕಿಟ್ಟರು. ಬುದ್ಧನ ಚಿತ್ರಕ್ಕೆ ಈ ಮನೆಯ ಗೋಡೆ ಸಣ್ಣದಾಗಿ, ಅದು ಕಿಟಕಿಗೆ ಸ್ವಲ್ಪ ಅಡ್ಡ ಬಂದಿತ್ತು.

"ಓಣಿ ಚಿತ್ರ ಬರೀಬೇಕಾಗಿತ್ರಿ ಮಾಸ್ತರ. ಬಟ್ಟಿ ಮ್ಯಾಲಲ್ಲ, ಕಾಗದದ ಮ್ಯಾಲ, ಉಳಿಯುವಂಗ," ಎಂದೆ.

"ಬರ್ಯಾಕ ಕುಂತಿದ್ನಿ," ಎಂದರು. "ಆಗವಲ್ದು. ಅವತ್ತು ಮಂದಿ ಹೇಳತಿದ್ರು, ನಾ ಬರೀತಿದ್ನಿ. ಒಬ್ನ ಕುಂತ್ರ ಬಾವಿ ಎಡಕ್ಕೋ ಬಲಕ್ಕೋ ಅಂತನೂ ಗೊತ್ತಾಗವಲ್ದು."

ಅವರ ದನಿಯಲ್ಲಿ ದುಃಖವಿತ್ತು. ಆದರೆ ಅಲ್ಲೇ ನಿಲ್ಲಲಿಲ್ಲ. "ಬಾ, ತೋರಸ್ತೇನಿ," ಎಂದು ಚಪ್ಪಲಿ ಮೆಟ್ಟಿದರು. ಆ ಬಡಾವಣೆಯಲ್ಲಿ ಎಲ್ಲ ಮನೆಯೂ ಒಂದೇ ಥರ. ಯಾರದು ಯಾವುದೆಂದು ತಿಳಿಯದೆ ಅಂಚೆಯವನು ಗೋಳಾಡುತ್ತಿದ್ದನಂತೆ. ಮಾಸ್ತರರು ಒಂದೊಂದು ಗೇಟಿನ ಮೇಲೂ ಮನೆಯ ಹೆಸರು ಬರೆದುಕೊಟ್ಟಿದ್ದರು. ಒಂದಕ್ಕೆ ಬಳ್ಳಿ, ಒಂದಕ್ಕೆ ಗಿಳಿ. ಒಂದು ಗೇಟಿನ ಮುಂದೆ ನಿಂತು ಸಿಡುಕಿದರು. ಆ ಮನೆಯವರು ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಾಗಿಯೇ ಬೇಕೆಂದು ಹಟ ಹಿಡಿದಿದ್ದರಂತೆ, ಜ್ಯೋತಿಷಿ ಹೇಳಿದ್ದಕ್ಕೆ.

"ನನ್ನ ಕೈಲೆ ತಪ್ಪ ಬರಿಸಿದ್ರವಾ," ಎಂದರು. ಒಳಗಿನಿಂದ ಆ ಮನೆಯಾಕೆ ಬಾಗಿಲು ತೆರೆದು, "ಮಾಸ್ತರ, ಬರ್ರಿ ಒಳಗ, ಚಹಾ ಕುಡದು ಹೋಗ್ರಿ. ನಿಮ್ಮ ಮಗಳೇನ್ರಿ?" ಎಂದು ಕೇಳಿದಳು.

"ಹೌದ್ರಿ," ಎಂದರು ಅವರು, ಗೇಟು ದೂಡುತ್ತ. "ಹುಬ್ಬಳ್ಳಿಯಿಂದ ಬಂದಾಳ."