ಮದುವೆ ಲೈಟಿನಲ್ಲಿ ಕಾಯಿಸಿದ ಹಲಗೆ

ನಾನು ಶಾಲೆ ಬಿಟ್ಟದ್ದು 2004ರಲ್ಲಿ, ಎಂಟನೇ ತರಗತಿಯ ನಡುವೆ. ಯಾರೂ ಬಿಡಿಸಿದ್ದಲ್ಲ. ಡೆಸ್ಕ್ ಬಡಿದೆ ಅಂತ ಮಾಸ್ತರರು ಬೆರಳಿನ ಗಂಟುಗಳ ಮೇಲೆ ಕೋಲಿನಿಂದ ಹೊಡೆದರು. ಮರುದಿನ ಅದೇ ಬೆರಳುಗಳಲ್ಲಿ ಶಹಾಪುರದ ವೆಲ್ಡಿಂಗ್ ಅಂಗಡಿಯೊಂದರ ಸುತ್ತಿಗೆ ಹಿಡಿದೆ. ಇವತ್ತಿನವರೆಗೂ ಅದನ್ನು ಕೆಳಗಿಟ್ಟಿಲ್ಲ.

ಆ ದಿನಗಳಲ್ಲಿ ಹೊಡೆತ ಅನ್ನುವುದು ಊಟದಷ್ಟೇ ಸಾಮಾನ್ಯವಾಗಿತ್ತು. ಮಾಸ್ತರರು ಹೊಡೆಯುತ್ತಿದ್ದರು, ಅಂಗಡಿಯ ಉಸ್ತಾದ ಹೊಡೆಯುತ್ತಿದ್ದ, ಅಪ್ಪ ಹೊಡೆಯುತ್ತಿದ್ದ, ಇವರೆಲ್ಲ ಬಿಟ್ಟರೆ ಬಿಸಿಲು ಹೊಡೆಯುತ್ತಿತ್ತು. ನಾವು ಮೂವರು ಸೇರಿ ಹಾಡು ಮಾಡಲು ಕೂತಾಗ ಅದೂ ಹೊಡೆತದ ಹಾಗೆಯೇ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ.

ಮೂವರಲ್ಲಿ ಮೊದಲನೆಯವನು ಖಾಜಾ. ನಮ್ಮ ಅಂಗಡಿಯ ಎದುರಿಗಿದ್ದ ಫೋಟೋ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಮಿಕ್ಸಿಂಗ್ ಮಾಡುತ್ತಿದ್ದ. ಹೈದರಾಬಾದಿನಿಂದ ಹಳೆಯ ಕರೆಂಟಿನ ಗಿಟಾರೊಂದನ್ನು ತಂದುಕೊಂಡಿದ್ದ. ಎರಡನೆಯವನು ಬೀರಪ್ಪ, ಕುರಿಯವರ ಹುಡುಗ. ಅಡವಿಯಲ್ಲಿ ಕುರಿಗಳನ್ನು ಕೂಗಿ ಕೂಗಿ ಗಂಟಲು ಕಬ್ಬಿಣವಾಗಿತ್ತು. ಮೂರನೆಯವನು ನಾನು, ಮರ್ಯಾ. ತುಕ್ಕು ಹಿಡಿದ ತಗಡನ್ನು ನಾನು ಬಡಿಯುವುದನ್ನು ಕೇಳಿ ಖಾಜಾ ಒಂದು ದಿನ ರಸ್ತೆ ದಾಟಿ ಬಂದ.

"ಏ ಮರ್ಯಾ, ತಗಡ ಬಡ್ಯಾಕತ್ತಿಯೋ, ಬಾಜಾ ಬಾರಸಾಕತ್ತಿಯೋ?"

"ಪಗಾರ ತಗಡಿಗೇ ಕೊಡ್ತಾರ."

"ಪಗಾರ ಇಲ್ಲದ ಕೆಲಸ ಐತಿ. ಬರ್ತಿ?"

ಹೋದೆ. ಡ್ರಮ್ ಸೆಟ್ ಎಲ್ಲಿಂದ ಬರಬೇಕು? ನಮ್ಮ ಮನೆಯ ಅಟ್ಟದ ಮೇಲೆ ಅಪ್ಪನ ಹಲಗೆ ಇತ್ತು. ದುಂಡಗೆ ಬಗ್ಗಿಸಿದ, ಅಂಗೈ ಅಗಲದ ಕಬ್ಬಿಣದ ಪಟ್ಟಿಗೆ ಬಿಗಿದ ತೊಗಲು, ಒಂದು ದಪ್ಪ ಕೋಲು, ಒಂದು ಸಣ್ಣ ಕಡ್ಡಿ. ನಮ್ಮೂರಿನಲ್ಲಿ, ವನದುರ್ಗದ ಸುತ್ತಿನಲ್ಲಿ, ಯಾರು ಸತ್ತರೂ ಹೆಣದ ಮುಂದೆ ಬಾರಿಸುತ್ತಿದ್ದವನು ಅಪ್ಪ, ಭೀಮಪ್ಪ. ಸಣ್ಣವನಿದ್ದಾಗ ನಾನೂ ಅವನ ಬಗಲಲ್ಲೇ ನಡೆದಿದ್ದೇನೆ. ಬುದ್ಧನ ಫೋಟೋ ನಮ್ಮ ಮನೆಯ ಗೋಡೆಗೆ ಬಂದ ವರ್ಷ ಹಲಗೆ ಅಟ್ಟಕ್ಕೆ ಹೋಯಿತು. "ಇನ್ನ ಯಾರ ಬಾಗಿಲಿನಾಗೂ ಬಾರಸಂಗಿಲ್ಲ. ನೀ ಮುಟ್ಟಿದ್ರ ಕೈ ಮುರಿತೀನಿ" ಎಂದಿದ್ದ ಅಪ್ಪ. ಅದನ್ನೇ ಕದ್ದು, ಗೋಣಿಚೀಲದಲ್ಲಿ ಸುತ್ತಿ ಸ್ಟುಡಿಯೋಗೆ ಒಯ್ದೆ.

ಆ ಬೇಸಿಗೆಯಲ್ಲಿ, ಸ್ಟುಡಿಯೋ ಮಾಲಕರು ಮಧ್ಯಾಹ್ನ ಮನೆಗೆ ಹೋದಾಗ ನಮ್ಮ ಕೆಲಸ. ಹಿಂದಿನ ಪರದೆಯಲ್ಲಿ ಬಣ್ಣದ ತೋಟ, ಕಾರಂಜಿ. ಸದ್ದು ಹೊರಗೆ ಹೋಗದಂತೆ ಬೀರಪ್ಪ ತನ್ನ ಮನೆಯ ಕಂಬಳಿಗಳನ್ನೆಲ್ಲ ತಂದು ಗೋಡೆಗೆ ಮೊಳೆ ಹೊಡೆದ. ಫ್ಯಾನ್ ಹಾಕಿದರೆ ಅದರ ಸದ್ದೂ ಮೈಕಿಗೆ ಬೀಳುತ್ತಿತ್ತು, ಅದಕ್ಕೆ ಬಂದ್. ಆ ಸೆಕೆಯಲ್ಲಿ ಕುರಿ ಉಣ್ಣೆ, ಬೆವರು, ಮಿರ್ಚಿ ಭಜಿ ಎಲ್ಲ ಸೇರಿ ಏಳುತ್ತಿದ್ದ ವಾಸನೆ ಇವತ್ತಿಗೂ ಯಾವುದಾದರೂ ಕಂಬಳಿ ಮುಟ್ಟಿದರೆ ಮೂಗಿಗೆ ಬರುತ್ತದೆ. ಮೈಕಿನ ಸ್ಟ್ಯಾಂಡ್ ನಾನೇ ಬೆಸೆದದ್ದು.

ಹಲಗೆಯನ್ನು ಕಾಯಿಸದೆ ಬಾರಿಸಿದರೆ ಅದು ಸತ್ತ ಸದ್ದು ಕೊಡುತ್ತದೆ. ಬೆಂಕಿಯ ಮುಂದೆ ಹಿಡಿದರೆ ತೊಗಲು ಬಿಗಿಯಾಗುತ್ತದೆ. ಕಂಬಳಿಗಳ ನಡುವೆ ಬೆಂಕಿ ಹಚ್ಚುವುದು ಹೇಗೆ? ಖಾಜಾ ಮದುವೆಗಳಿಗೆ ಒಯ್ಯುವ ಸಾವಿರ ವ್ಯಾಟಿನ ವಿಡಿಯೋ ಲೈಟ್ ಹಚ್ಚಿದ. ಅದರ ಮುಂದೆ ಹಿಡಿದು, ಬೆರಳಿಂದ ಮೀಟಿ ನೋಡುತ್ತ, ತೊಗಲು ಠಣ್ ಎನ್ನುವವರೆಗೆ ಕಾಯಿಸುತ್ತಿದ್ದೆ.

ಐದು ಹಾಡು ಮುಗಿದಿದ್ದವು. ಆರನೆಯದು 'ಬಿಸಿಲು', ಆಲ್ಬಮ್ಮಿನ ಹೆಸರೂ ಅದೇ. ಮಾತು ಬೀರಪ್ಪನದು:

ಬಿಸಲ ಹೊಡದ್ರ ಬೀಳೂದಿಲ್ಲ
ಬಡದ್ರ ಬಾಯಿ ಮುಚ್ಚೂದಿಲ್ಲ

ಖಾಜಾನಿಗೆ ಯಾವ ಬಡಿತವೂ ಸಾಲಲಿಲ್ಲ. "ಇನ್ನೂ ಭಾರ ಬೇಕಲೇ! ಎದಿ ಮ್ಯಾಲ ಕಲ್ಲ ಇಟ್ಟಂಗ ಆಗ್ಬೇಕು."

ನನ್ನ ಕೈ ತಾನಾಗಿಯೇ ಹೋಯಿತು. ಎರಡು ನಿಧಾನದ ಪೆಟ್ಟು, ಒಂದು ಬಿಡುವು, ಮೂರು ಜೋರು. ಖಾಜಾ ಗಿಟಾರ್ ಸಮೇತ ಎದ್ದು ಕುಣಿದ. "ಇದೇ! ಎಲ್ಲಿಂದ ತಂದಿ ಇದನ್ನ?"

"ಹಂಗೇ ಬಂತು" ಎಂದೆ.

ಹಂಗೇ ಬಂದದ್ದಲ್ಲ. ಅದು ಹೆಣ ಎತ್ತುವ ಬಡಿತ. ನನಗೆ ಗೊತ್ತಿತ್ತು. ಹೇಳಿದರೆ ತೆಗೆಸುತ್ತಾನೆ ಅಂತ ಹೇಳಲಿಲ್ಲ.

ಕಂಪ್ಯೂಟರಿನಲ್ಲಿ ಐವತ್ತು ಸಿಡಿ ತೆಗೆದೆವು. ಪುಕ್ಕಟೆ ಹಂಚಿದೆವು. ಚಹಾದ ಹೋಟೆಲಿಗೆ, ಟಂಟಂ ಆಟೋದವರಿಗೆ. ಒಂದೇ ವಾರದಲ್ಲಿ ಸುರಪುರದ ದಾರಿಯಲ್ಲಿ, ತಿಂಥಣಿಯ ದಾರಿಯಲ್ಲಿ, ಕಕ್ಕೇರಾದಲ್ಲಿ ನಮ್ಮ ಸದ್ದು. ಹುಡುಗರು ಟಂಟಂ ಹಿಂದೆ ಜೋತುಬಿದ್ದು ಬೀರಪ್ಪನ ಹಾಗೆ ಕಿರುಚುತ್ತಿದ್ದರು. ಮುದುಕರು ಬೈಯುತ್ತಿದ್ದರು: "ಹಾಡೇನಲೇ ಇದು? ಹಂದಿ ಕೊಯ್ದಂಗ ಆಗ್ತೈತಿ." ಸುರಪುರದ ಒಂದು ಹೋಟೆಲಿನಲ್ಲಿ, ಇನ್ನೊಮ್ಮೆ ಹಾಕು, ಹಾಕಬೇಡ ಅಂತ ಎರಡು ಗುಂಪು ಬಡಿದಾಡಿಕೊಂಡು ಒಬ್ಬನ ಹಲ್ಲು ಬಿತ್ತು. ಅದನ್ನು ಕೇಳಿ ನಾವು ಹಿಗ್ಗಿದೆವು. ಗಿಟಾರಿನ ಗದ್ದಲದ ಕೆಳಗಿದ್ದ ಬಡಿತವನ್ನು ಯಾರೂ ಗುರುತಿಸಲಿಲ್ಲ.

ಖಾಜಾನೇ ಗುರುತಿಸುವಂತೆ ಮಾಡಿದ. ನಮ್ಮೂರಿನ ದೊಡ್ಡ ಮನೆಯ ಮದುವೆ ವಿಡಿಯೋ ಅವನ ಕೈಯಲ್ಲಿತ್ತು. ಮದುಮಗ ಕುದುರೆ ಏರಿ ಬರುವ ಕಡೆ, ಪ್ರೀತಿಯಿಂದ, 'ಬಿಸಿಲು' ಹಾಡಿನ ನಡುವೆ ಗಿಟಾರ್ ನಿಂತು ಹಲಗೆಯೊಂದೇ ಬಾರಿಸುವ ತುಣುಕನ್ನು ಹಾಕಿದ. ಬೀಗರೆಲ್ಲ ಕೂತು ಟಿವಿ ನೋಡುವಾಗ, ಕುದುರೆಯ ಮೇಲೆ ಮದುಮಗ, ಕೆಳಗೆ ಹೆಣದ ಬಡಿತ.

ನಾನು ಊರಿನಲ್ಲಿದ್ದೆ, ಅಂಗಡಿಗೆ ರಜೆ. ಅಪ್ಪ ಮಧ್ಯಾಹ್ನದ ರೊಟ್ಟಿ ಮುರಿಯುತ್ತಿದ್ದ. ದೊಡ್ಡ ಮನೆಯವರ ಜೀಪ್ ಬಂದು ನಮ್ಮ ಓಣಿಯ ಬಾಯಲ್ಲಿ ನಿಂತಿತು. ಅದರಿಂದ ಖಾಜಾನನ್ನು ಎಳೆದು ಮಣ್ಣಿಗೆ ಹಾಕಿದರು. ಅಂಗಿ ಇರಲಿಲ್ಲ. ಎಡಗಿವಿಯಿಂದ ರಕ್ತ ಕುತ್ತಿಗೆಗೆ ಇಳಿದಿತ್ತು. ಹಿಂದೆಯೇ ಗಿಟಾರ್ ಬಿತ್ತು. ಒಬ್ಬ ಅದರ ಕುತ್ತಿಗೆಯನ್ನು ಮೊಣಕಾಲಿನ ಮೇಲಿಟ್ಟು ಮುರಿದ. ಕೊನೆಗೆ, ಸ್ಟುಡಿಯೋದಲ್ಲೇ ಇಟ್ಟಿದ್ದ ಹಲಗೆ. ಅದನ್ನು ಯಾರೂ ಎಸೆಯಲಿಲ್ಲ, ತಂದು ಅಪ್ಪನ ಮುಂದೆ ಇಟ್ಟರು.

ದೊಡ್ಡ ಮನೆಯ ಮುದಿ ಯಜಮಾನ ಖಾಜಾನ ಪಕ್ಕೆಗೆ ಕಾಲಿನಿಂದ ತಿವಿದ. "ಮತ್ತೊಮ್ಮಿ ಹೇಳು. ಬಾರಿಸಿದಾಂವ ಯಾಂವ?"

"ನಾನೇ ಬಾರಿಸೀನ್ರಿ" ಎಂದ ಖಾಜಾ. ನನ್ನ ಕಡೆ ನೋಡಲೇ ಇಲ್ಲ.

"ಸುಳ್ಳ ಬೊಗಳಬ್ಯಾಡ. ಭೀಮ್ಯಾ, ಇದು ನಿನ್ನ ಕೈ. ನಮ್ಮಪ್ಪನ್ನ ಒಯ್ಯೂ ಮುಂದ ಇದ್ನೇ ಬಾರಿಸಿದ್ದಿ, ನಾ ಮರ್ತಿಲ್ಲ."

ಅಪ್ಪ ಹಲಗೆ ನೋಡಿದ, ನನ್ನನ್ನು ನೋಡಿದ. ಎದ್ದು ಬಂದು ಕೆನ್ನೆಗೆ ಒಂದು ಕೊಟ್ಟ. ಗೋಡೆಗೆ ಬಡಿದು ಕೂತೆ. ಆಮೇಲೆ ಯಜಮಾನನ ಕಡೆ ತಿರುಗಿ, "ಕೈ ನಂದೇ ಐತ್ರಿ, ಬಾರಿಸಿದ್ದು ನನ್ನ ಮಗ. ಏನ್ ಮಾಡ್ಬೇಕಂತೀರಿ?"

"ಕೆಟ್ಟ ಬಡಿತ ನಮ್ಮ ಮನಿ ಹೊಕ್ಕೈತಿ. ನಡಿ, ನಮ್ಮ ಬಾಗಿಲಿನಾಗ ನಿಂತು ಲಗ್ನದ್ದು ಬಾರಿಸಿ ತೆಗಿ. ಬಾರಿಸಿದ್ರ ಈ ಹುಡುಗನ್ನ ಬಿಡ್ತೀವಿ, ನಿನ್ನ ಮಗನ್ನೂ ಬಿಡ್ತೀವಿ."

ಒಂದೇ ಒಂದು ಸಲ ಬಾರಿಸಿದರೆ ಮುಗಿಯಿತು ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅಪ್ಪ ಖಾಜಾನನ್ನು ನೋಡಿ ಹೇಳಿದ:

"ತೊಗಲ ತಣ್ಣಗಾಗೈತಿ. ಬೆಂಕಿ ಮಾಡ್ರಿ."

ಅವರಿಗೆ ಖುಷಿಯಾಯಿತು. "ಹಿಂಗ ಬಾ ದಾರಿಗಿ!" ಎನ್ನುತ್ತ ಒಬ್ಬ ಜೋಳದ ದಂಟು ಹೊತ್ತು ತಂದು ಕಡ್ಡಿ ಗೀರಿದ. ಅಪ್ಪ ಕೂತು ಹಲಗೆಯನ್ನು ಉರಿಯ ಮುಂದೆ ಹಿಡಿದ. ತಿರುಗಿಸಿದ, ಬೆರಳಿಂದ ಮೀಟಿದ. ಠಣ್ ಎಂದಿತು. ಅಷ್ಟಕ್ಕೆ ತೆಗೆಯಬೇಕು. ಅಪ್ಪ ತೆಗೆಯಲಿಲ್ಲ. ಇನ್ನೂ ಹತ್ತಿರ ಹಿಡಿದ.

"ಸಾಕಲೇ ಭೀಮ್ಯಾ."

ತೊಗಲು ಕಂದಿತು, ಮುದುಡಿತು, ಕೂದಲು ಸುಟ್ಟ ವಾಸನೆ ಎದ್ದಿತು. ಆಮೇಲೆ ಬಂದೂಕು ಹಾರಿದ ಹಾಗೆ ನಡುವೆ ಸೀಳಿತು.

"ಇಲ್ಲಿಗಿ ಮುಗೀತು ನೋಡ್ರಿ" ಎಂದು ಅಪ್ಪ ಕಾದ ಪಟ್ಟಿಯನ್ನು ಬರಿಗೈಯಲ್ಲೇ ಎತ್ತಿ ತೋರಿಸಿದ.

ಮೊದಲ ದೊಣ್ಣೆ ಅವನ ಹೆಗಲಿಗೆ ಬಿತ್ತು, ಎರಡನೆಯದು ಮೊಣಕಾಲಿಗೆ. ಮೂರನೆಯದು ತಲೆಗೆ ಬರುತ್ತಿತ್ತು. ನಾನು ಓಡಿ ಹೋಗಿ ಅವನ ನೆತ್ತಿಯ ಮೇಲೆ ನನ್ನ ಬಲಗೈ ಇಟ್ಟೆ. ಎರಡು ಬೆರಳು ಮುರಿದ ಸದ್ದು ನನಗೇ ಕೇಳಿಸಿತು. ಅವ್ವ, ಓಣಿಯ ಹೆಂಗಸರು ಒಲೆಯ ಕೊಳ್ಳಿ ಹಿಡಿದು ಹೊರಗೆ ಬಂದರು. ಒಬ್ಬನ ಧೋತರಕ್ಕೆ ಕಿಡಿ ಹತ್ತಿತು. ಕಲ್ಲು ಬಿದ್ದವು, ಜೀಪಿನ ಗಾಜು ಪುಡಿಯಾಯಿತು. ಅವರು ಹೋದರು, ಖಾಜಾನನ್ನು ಮಣ್ಣಿನಲ್ಲೇ ಬಿಟ್ಟು.

ಆ ಕಿವಿ ಖಾಜಾನಿಗೆ ಮತ್ತೆ ಕೇಳಿಸಲಿಲ್ಲ. ತಲೆಗೆ ಪಟ್ಟಿ ಕಟ್ಟಿಕೊಂಡೇ ಹೈದರಾಬಾದ್ ಬಸ್ ಹತ್ತಿದ. ಹತ್ತುವಾಗ ಕೇಳಿದ: "ಮರ್ಯಾ, ಅದು ಎಂಥಾ ಬಡಿತ ಅಂತ ನಿನಗ ಗೊತ್ತಿದ್ದಿಲ್ಲ, ಹೌದಿಲ್ಲೋ?"

"ಇಲ್ಲ" ಎಂದೆ. ಒಳ್ಳೆಯ ಕಿವಿಯ ಕಡೆಗೇ ನಿಂತು ಹೇಳಿದೆ.

ಬೀರಪ್ಪ ಸ್ಟುಡಿಯೋದಲ್ಲಿ ಹರಿದು ಬಿದ್ದಿದ್ದ ಕಂಬಳಿಗಳನ್ನು ಆರಿಸಿಕೊಂಡು ಕುರಿಗಳ ಹಿಂದೆ ಹೋದ. ಹಾಡಿದ್ದನ್ನು ಮತ್ತೆ ಯಾರೂ ಕೇಳಿಲ್ಲ. ಅಪ್ಪ ಬದುಕಿದ, ಕುಂಟಿಕೊಂಡೇ. ಒಂದು ಸಲ ನಾನು ಕೇಳಿಯೇಬಿಟ್ಟೆ: "ಒಂದ್ ಸಲ ಬಾರಿಸಿದ್ರ ಏನ್ ಹೋಗ್ತಿತ್ತಪಾ? ಖಾಜಾ ಇಲ್ಲೇ ಉಳೀತಿದ್ದ, ನನ್ನ ಬೆರಳ ಉಳೀತಿದ್ದವು."

ಅಪ್ಪ ಕಾಲು ತಿಕ್ಕಿಕೊಳ್ಳುತ್ತ ಹೇಳಿದ: "ಆ ಬಾಗಿಲಿನಾಗ ಒಂದ್ ಸಲ ಅಂತ ಇರಂಗಿಲ್ಲ, ಮರ್ಯಾ."

ಈಗ ಟಂಟಂಗಳಲ್ಲಿ ಎಲ್ಲೆಲ್ಲಿಯದೋ ಹಾಡು. ಆ ದಾರಿಗಳಲ್ಲಿ ನಮ್ಮ ಸದ್ದು ಓಡಾಡಿತ್ತು ಅಂದರೆ ಇಂದಿನ ಹುಡುಗರು ನಂಬುವುದಿಲ್ಲ. ಅಪ್ಪ ಹೋದಾಗ ಮುಂದೆ ಹಲಗೆ ಇರಲಿಲ್ಲ, ಅವನಿಗೆ ಬೇಕಾದದ್ದೂ ಅದೇ. ಆದರೆ ಹೆಗಲು ಕೊಟ್ಟು ನಡೆಯುವಾಗ ನನ್ನ ಕಾಲು ಎರಡು ನಿಧಾನ, ಒಂದು ಬಿಡುವು, ಮೂರು ಜೋರು ಅಂತಲೇ ಬಿದ್ದವು.

ಈಗ ನನ್ನ ಹತ್ತಿರ ಸ್ವಂತದ್ದೊಂದು ವೆಲ್ಡಿಂಗ್ ಅಂಗಡಿ ಇದೆ, ಎರಡು ಮೆಷಿನ್, ಕೆಲಸಕ್ಕೆ ಮೂವರು. ನಾನೇ ಕಟ್ಟಿಸಿದ ಮೂರು ಕೋಣೆಯ ಮನೆ. ಓದುತ್ತಿರುವ ಇಬ್ಬರು ಹೆಣ್ಣುಮಕ್ಕಳು. ಐವತ್ತರಲ್ಲಿ ಉಳಿದ ಒಂದು ಸಿಡಿ. ತೊಗಲಿಲ್ಲದ ಒಂದು ಕಬ್ಬಿಣದ ಪಟ್ಟಿ. ಖಾಜಾನಿಗೆ ಹೇಳದೆ ಉಳಿದ ಒಂದು ಮಾತು. ನೆಟ್ಟಗಿರುವ ಬೆರಳು ಎಂಟು.